ನಿಂಬೆಹಣ್ಣು, ನಿಂಬೆ ಎಣ್ಣೆ: ಮನೆಮದ್ದು, ಅಲಂಕಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತವರು ವಿಜಯಪುರ ಜಿಲ್ಲೆಯ ಇಂಡಿ ಕಡೆ. ನಿಂಬೆ ಗಿಡದ ಮುಳ್ಳು ಚುಚ್ಚಿಸಿಕೊಂಡೇ ಬೆಳೆದವಳು. ಈಗ ಬೆಂಗಳೂರಿನಲ್ಲಿ ಮನೆಯಲ್ಲೇ ಸೋಪು ಮಾಡಿ ಪರಿಚಯದವರಿಗೆ ಮಾರುತ್ತೇನೆ. ಸೋಪಿಗೆ ನಿಂಬೆ ಎಣ್ಣೆ ಹಾಕುತ್ತೇನೆ ಅಂತ ಗೊತ್ತಾದದ್ದೇ ತಡ, ಪ್ರಶ್ನೆಗಳು ಶುರುವಾದವು. ಮುಖಕ್ಕೆ ಹಚ್ಚಬಹುದಾ, ಕುಡಿಯಬಹುದಾ, ತಲೆಹೊಟ್ಟು ಹೋಗುತ್ತಾ ಅಂತ. ಜಾಸ್ತಿ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಡಾಕ್ಟರ್ ಅಲ್ಲ. ಕಾಯಿಲೆ ಜೋರಾಗಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ನಮ್ಮ ನಿಂಬೆಹಣ್ಣು, ಎಣ್ಣೆ ಬಾಟಲಿ ಮೇಲೆ ಬರೆದಿರುವ 'ಲೆಮನ್' ಎರಡೂ ಒಂದೇನಾ?

ಅಲ್ಲ. ಅರ್ಧ ಗೊಂದಲ ಹುಟ್ಟುವುದೇ ಇಲ್ಲಿ. ನಾವು ಸಂತೆಯಲ್ಲಿ ಕೊಳ್ಳುವ ಗುಂಡಗಿನ, ತೆಳು ಸಿಪ್ಪೆಯ ಹಣ್ಣು ಕಾಗ್ಜಿ ನಿಂಬೆ. ಇಂಗ್ಲಿಷಿನವರು ಅದನ್ನು ಲೈಮ್ ಅನ್ನುತ್ತಾರೆ. ಅವರ ಲೆಮನ್ ಬೇರೆ ಹಣ್ಣು: ದೊಡ್ಡದು, ಉದ್ದುದ್ದ, ದಪ್ಪ ಸಿಪ್ಪೆ, ತುದಿಯಲ್ಲಿ ಮೊಲೆತೊಟ್ಟಿನ ಹಾಗೆ ಚೂಪು. ಅಂಗಡಿಯಲ್ಲಿ ಸಿಗುವ ಲೆಮನ್ ಎಣ್ಣೆ ಈ ಎರಡನೆಯದರದ್ದು. ಇಟಲಿಯ ಸಿಸಿಲಿ, ಅರ್ಜೆಂಟೀನಾ, ಸ್ಪೇನ್ ಕಡೆ ಅದನ್ನು ದೊಡ್ಡ ಮಟ್ಟದಲ್ಲಿ ತೆಗೆಯುತ್ತಾರೆ.

ನಮ್ಮ ಕಡೆ ನಿಂಬೆ ಅನ್ನಲ್ಲ, 'ಲಿಂಬಿ' ಅಂತಾರೆ. ಇಂಡಿ ಲಿಂಬೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಸಿಕ್ಕಿದೆ. ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಇಷ್ಟು ಜಂಬ ನನಗೆ ಬಿಟ್ಟುಕೊಡಿ.

ಮಾದಲ, ಗಜನಿಂಬೆ, ಹೇರಳೆಕಾಯಿ ಎಲ್ಲ ಇದೇ ಕುಟುಂಬದ ಬೇರೆ ಬೇರೆ ಸದಸ್ಯರು. ಅಜ್ಜಿಯರ ಮದ್ದಿನಲ್ಲಿ ಒಂದರ ಹೆಸರು ಇದ್ದರೆ ಇನ್ನೊಂದನ್ನು ಹಾಕಿ 'ಕೆಲಸ ಮಾಡ್ಲಿಲ್ಲ' ಅನ್ನಬೇಡಿ.

ರಸ, ಸಿಪ್ಪೆ, ಎಣ್ಣೆ: ಮೂರರಲ್ಲೂ ಅದೇ ಗುಣ ಇರುತ್ತಲ್ವಾ?

ಇಲ್ಲ. ರಸ ಅಂದರೆ ನೀರು ಮತ್ತು ಹುಳಿ. ನೂರು ಮಿಲಿ ರಸದಲ್ಲಿ ಸುಮಾರು 5ರಿಂದ 6 ಗ್ರಾಂ ಸಿಟ್ರಿಕ್ ಆಮ್ಲ ಇರುತ್ತದೆ. ಎಣ್ಣೆ ಇರುವುದು ರಸದಲ್ಲಲ್ಲ, ಸಿಪ್ಪೆಯ ಮೇಲೆ ಕಾಣುವ ಸಣ್ಣ ಸಣ್ಣ ಚುಕ್ಕೆಗಳಲ್ಲಿ. ಆ ಎಣ್ಣೆಯಲ್ಲಿ ಹುಳಿಯೂ ಇಲ್ಲ, ವಿಟಮಿನ್ ಸಿ ಕೂಡ ಇಲ್ಲ. ಲೆಮನ್ ಎಣ್ಣೆಯ ಮುಕ್ಕಾಲು ಪಾಲಿನ ಹತ್ತಿರ ಲಿಮೋನೀನ್ ಅನ್ನುವ ವಸ್ತು. ಜೊತೆಗೆ ಸ್ವಲ್ಪ ಸಿಟ್ರಾಲ್. ನಿಂಬೆಯ ವಾಸನೆ ಅಂತ ನಮಗೆ ಗೊತ್ತಾಗುವುದು ಮುಖ್ಯವಾಗಿ ಈ ಸಿಟ್ರಾಲ್‌ನಿಂದ.

ಒಂದು ಆಟ ಆಡಿ ನೋಡಿ. ಕರೆಂಟ್ ಹೋದಾಗ ಮೇಣದ ಬತ್ತಿ ಹಚ್ಚಿ, ತಾಜಾ ಸಿಪ್ಪೆಯ ತುಂಡನ್ನು ಉರಿಯ ಪಕ್ಕ ಹಿಡಿದು, ಹೊರಮೈ ಉರಿಯ ಕಡೆ ಇರುವಂತೆ ಮಡಚಿ ಹಿಂಡಿ. ಚಟ್ ಚಟ್ ಅಂತ ಕಿಡಿ ಹಾರುತ್ತದೆ. ಸಿಡಿದದ್ದು ರಸವಾಗಿದ್ದರೆ ಉರಿ ಆರಬೇಕಿತ್ತು. ಅದು ಎಣ್ಣೆ, ಅದಕ್ಕೇ ಹೊತ್ತಿಕೊಂಡಿತು. ಬಾಟಲಿಯಲ್ಲಿರುವುದೂ ಅದೇ. ಒಲೆ ಪಕ್ಕ ಇಡಬೇಡಿ.

ಆಯುರ್ವೇದದಲ್ಲಿ ನಿಂಬೆಗೆ ಜಾಗ ಇದೆಯಾ?

ಇದೆ. ಆದರೆ ಹಳೆಯ ಸಂಹಿತೆಗಳಲ್ಲಿ ಮೆರೆಯುವುದು ಮಾದಲ, ಅವರ ಮಾತಿನಲ್ಲಿ ಮಾತುಲುಂಗ. ನಿಂಬೂಕ, ಅಂದರೆ ನಮ್ಮ ನಿಂಬೆ, ಆಮೇಲಿನ ನಿಘಂಟುಗಳಲ್ಲಿ, ಅಂದರೆ ಮದ್ದಿನ ಪದಾರ್ಥಗಳ ಗುಣ ಹೇಳುವ ಗ್ರಂಥಗಳಲ್ಲಿ, ಚೆನ್ನಾಗಿ ಸಿಗುತ್ತದೆ. 16ನೇ ಶತಮಾನದ ಭಾವಪ್ರಕಾಶ ಅದನ್ನು ಹುಳಿ, ವಾತ ಇಳಿಸುವಂಥದ್ದು, ಹಸಿವು ಹುಟ್ಟಿಸುವಂಥದ್ದು, ಜೀರ್ಣಕ್ಕೆ ಒಳ್ಳೆಯದು ಅನ್ನುತ್ತದೆ. ಊಟದ ಕೊನೆಗೆ ಉಪ್ಪಿನಕಾಯಿ ನೆಕ್ಕುವ ನಮ್ಮ ಅಭ್ಯಾಸಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ನಿಂಬೆರಸಕ್ಕೆ ವೈದ್ಯರ ಮನೆಯಲ್ಲಿ ಇನ್ನೊಂದು ಕೆಲಸವೂ ಇತ್ತು. ಹಿಂಗುಲ, ಶಂಖದಂಥ ವಸ್ತುಗಳನ್ನು ಔಷಧಿಗೆ ಬಳಸುವ ಮುಂಚೆ ನಿಂಬೆರಸದಲ್ಲಿ ಅರೆದು ಅಥವಾ ಬೇಯಿಸಿ ಶುದ್ಧಿ ಮಾಡುತ್ತಿದ್ದರು. ಅದು ಕಲಿತವರ ಕೆಲಸ. ಹಿಂಗುಲದಲ್ಲಿ ಪಾದರಸ ಇರುತ್ತದೆ. ಮನೆಯಲ್ಲಿ ಮಾಡಿ ನೋಡುವಂಥದ್ದಲ್ಲ.

ಬೆಳಗ್ಗೆ ಬಿಸಿನೀರು, ನಿಂಬೆ, ಜೇನು. ತೂಕ ಇಳಿಯುತ್ತಾ?

ನಿಂಬೆಗೆ ಕೊಬ್ಬು ಕರಗಿಸುವ ಶಕ್ತಿ ಇಲ್ಲ. ಸಕ್ಕರೆ ಹಾಕಿದ ಕಾಫಿ ಬಿಟ್ಟು ಇದನ್ನು ಕುಡಿದರೆ ಆ ಸಕ್ಕರೆಯಷ್ಟು ಉಳಿತಾಯ. ಎರಡು ಚಮಚ ಜೇನು ಹಾಕಿದರೆ ಅದೂ ಹೋಯಿತು. ತಮಾಷೆ ಏನು ಗೊತ್ತಾ, ಬಿಸಿ ಮಾಡಿದ ಜೇನು ಒಳ್ಳೆಯದಲ್ಲ ಅಂತ ಹೇಳುವುದೇ ಆಯುರ್ವೇದ. ಆಯುರ್ವೇದದ ಹೆಸರಿನಲ್ಲೇ ನಾವು ಅದನ್ನು ಕುದಿಯುವ ನೀರಿಗೆ ಹಾಕುತ್ತೇವೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಲೇಬಾರದು, ಅದು ಬೇರೆ ವಿಷಯ, ಆದರೂ ಹೇಳಿಬಿಡುತ್ತೇನೆ.

ಕುಡಿದರೆ ಬಾಯಿ ಹಗುರ ಅನಿಸುತ್ತದೆ, ಹೊಟ್ಟೆ ಸಲೀಸಾಗುತ್ತದೆ ಅನ್ನುವವರು ಸುಮ್ನೆ ಕುಡಿಯಿರಿ. ಎದೆಯುರಿ, ಹುಳಿತೇಗು ಇರುವವರಿಗೆ ಬೇಡ.

ನಿಂಬೆ ದೇಹದೊಳಗೆ ಹೋಗಿ ಕ್ಷಾರ ಆಗುತ್ತಂತೆ?

ಪಿಎಚ್ ಅಂದರೆ ಹುಳಿ-ಕ್ಷಾರದ ಅಳತೆ, ಅಂಕಿ ಕಮ್ಮಿಯಾದಷ್ಟೂ ಹುಳಿ ಜಾಸ್ತಿ. ರಕ್ತದ ಪಿಎಚ್ 7.35ರಿಂದ 7.45ರ ನಡುವೆಯೇ ಇರಬೇಕು. ಅದನ್ನು ಶ್ವಾಸಕೋಶ, ಕಿಡ್ನಿ ನೋಡಿಕೊಳ್ಳುತ್ತವೆ. ಒಂದು ಲೋಟ ಶರಬತ್ತಿನಿಂದ ಅದು ಅಲ್ಲಾಡುವ ಹಾಗಿದ್ದರೆ ಬೇಸಿಗೆಯಲ್ಲಿ ನಾವ್ಯಾರೂ ಉಳಿಯುತ್ತಿರಲಿಲ್ಲ. ಮೂತ್ರದಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ ಆಗುತ್ತದೆ. ಕಿಡ್ನಿ ಕಲ್ಲಿನ ಮಾತು ಬರುವುದು ಅಲ್ಲೇ.

ಹಾಗಾದ್ರೆ ಕಿಡ್ನಿ ಕಲ್ಲಿಗೆ ನಿಂಬೆರಸ ಒಳ್ಳೆಯದಾ?

ಇದರಲ್ಲಿ ಹುರುಳಿದೆ. ನಿಂಬೆಯಲ್ಲಿರುವ ಸಿಟ್ರೇಟ್ ಮೂತ್ರದಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ಅದು ಹರಳಾಗಲು ಬಿಡುವುದಿಲ್ಲ. ಡಾಕ್ಟರು ಪೊಟಾಸಿಯಂ ಸಿಟ್ರೇಟ್ ಬರೆದುಕೊಡುವುದೂ ಇದೇ ಕಾರಣಕ್ಕೆ. ಆದರೆ ಇದು ಹೊಸ ಕಲ್ಲು ಆಗದಂತೆ ತಡೆಯುವ ಮಾತು. ಆಗಿರುವ ದೊಡ್ಡ ಕಲ್ಲು ನಿಂಬೆಯಿಂದ ಕರಗುವುದಿಲ್ಲ.

ಇಟಲಿಯಲ್ಲಿ ಕಲ್ಲಿನ ತೊಂದರೆ ಇದ್ದವರಿಗೆ ದಿನಕ್ಕೆರಡು ಸಲ 60 ಮಿಲಿ ತಾಜಾ ರಸ ಕೊಟ್ಟು ನೋಡಿದರು. ದಿನ ಹೋದ ಹಾಗೆ ಹಲವರು ಹೊಟ್ಟೆ ತೊಂದರೆ ತಾಳದೆ ಸರಿಯಾಗಿ ಕುಡಿಯಲೇ ಇಲ್ಲ. ನಮ್ಮ ಸಣ್ಣ ನಿಂಬೆಯ ಲೆಕ್ಕದಲ್ಲಿ ದಿನಕ್ಕೆ ಆರೇಳು ಹಣ್ಣು! ಅದಕ್ಕಿಂತ ನೀರು ಚೆನ್ನಾಗಿ ಕುಡಿಯಿರಿ, ಅದರಲ್ಲಿ ಒಂದೆರಡು ಹಣ್ಣು ಹಿಂಡಿ, ಉಪ್ಪು ಕಮ್ಮಿ ಮಾಡಿ.

ನೆಗಡಿಗೆ ವಿಟಮಿನ್ ಸಿ ಸಿಗಲಿ ಅಂತ ನಿಂಬೆ ಕುಡೀತೀವಿ. ಸಾಕಾಗುತ್ತಾ?

ನಿಂಬೆಯ ವಿಟಮಿನ್ ಸಿ ಹೆಸರು ದೊಡ್ಡದು, ಅಳತೆ ಸಣ್ಣದು. ನಮ್ಮ ನಿಂಬೆರಸದಲ್ಲಿ ನೂರು ಮಿಲಿಗೆ 30 ಮಿಲಿಗ್ರಾಂ ಆಸುಪಾಸು. ಒಂದು ಹಣ್ಣು ಹಿಂಡಿದರೆ ಐದಾರು ಮಿಲಿಗ್ರಾಂ ಸಿಕ್ಕೀತು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 65ರಿಂದ 80. ಒಂದು ಸೀಬೆಹಣ್ಣು ತಿಂದರೆ ಆ ದಿನದ ಲೆಕ್ಕ ಮುಗಿಯಿತು. ನೆಲ್ಲಿಕಾಯಿ ಇದ್ದರಂತೂ ಕೇಳಲೇಬೇಡಿ.

ಹಾಗಾದರೆ ನಿಂಬೆಗೆ ಈ ಹೆಸರು ಬಂದದ್ದು ಹೇಗೆ? ಹಡಗಿನಿಂದ. 1747ರಲ್ಲಿ ಜೇಮ್ಸ್ ಲಿಂಡ್ ಅನ್ನುವ ಬ್ರಿಟಿಷ್ ನೌಕಾಪಡೆಯ ವೈದ್ಯ, ಸಾಲಿಸ್ಬರಿ ಅನ್ನುವ ಹಡಗಿನಲ್ಲಿ ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆಯ ಕಾಯಿಲೆ, ಹಿಡಿದ 12 ಜನರನ್ನು ಇಬ್ಬಿಬ್ಬರಾಗಿ ವಿಂಗಡಿಸಿದ. ಒಂದೊಂದು ಜೋಡಿಗೆ ಒಂದೊಂದು ಮದ್ದು. ಕಿತ್ತಳೆ, ಲೆಮನ್ ತಿಂದ ಜೋಡಿ ಬೇಗ ಎದ್ದು ಕೂತಿತು. ಆದರೂ ನೌಕಾಪಡೆ ಎಲ್ಲರಿಗೂ ಲೆಮನ್ ರಸ ಕೊಡಲು ಶುರುಮಾಡಿದ್ದು 1795ರಲ್ಲಿ. ಸರ್ಕಾರಿ ಕೆಲಸ, ಅಲ್ಲೂ ಹಾಗೇ.

ಕತೆ ಅಲ್ಲಿಗೆ ಮುಗಿಯಲಿಲ್ಲ. 19ನೇ ಶತಮಾನದಲ್ಲಿ ಅವರು ಲೆಮನ್ ಬಿಟ್ಟು, ವೆಸ್ಟ್ ಇಂಡೀಸ್‌ನಿಂದ ಬರುವ ಲೈಮ್ ರಸಕ್ಕೆ ಬದಲಾದರು. ಹುಳಿ ತಾನೇ ಮುಖ್ಯ, ಎರಡೂ ಒಂದೇ ಅಂದುಕೊಂಡರು. ಲೈಮ್‌ನಲ್ಲಿ ವಿಟಮಿನ್ ಮೊದಲೇ ಕಮ್ಮಿ. ಜೊತೆಗೆ ರಸ ಹಳೆಯದು, ತಾಮ್ರದ ಕೊಳವೆಯಲ್ಲಿ ಹರಿದು ಬಂದದ್ದು, ಇದ್ದ ವಿಟಮಿನ್ನೂ ಅದರಿಂದ ಹಾಳು. 1875-76ರ ಉತ್ತರ ಧ್ರುವದ ಯಾತ್ರೆಯಲ್ಲಿ ಸ್ಕರ್ವಿ ಮತ್ತೆ ಕಾಣಿಸಿಕೊಂಡಿತು.

ನಮ್ಮ ಅಡುಗೆಯಲ್ಲಿ ನಿಂಬೆಗೆ ಇನ್ನೂ ಒಳ್ಳೆಯ ಕೆಲಸ ಇದೆ. ಕಾಳು, ಸೊಪ್ಪು, ರಾಗಿಯಲ್ಲಿರುವ ಕಬ್ಬಿಣದ ಅಂಶ ಮೈಗೆ ಹಿಡಿಯುವುದು ಕಷ್ಟ. ಊಟದ ಜೊತೆ ವಿಟಮಿನ್ ಸಿ ಇದ್ದರೆ ಜಾಸ್ತಿ ಹಿಡಿಯುತ್ತದೆ. ಕೋಸಂಬರಿಗೆ ನಿಂಬೆ ಹಿಂಡುವುದು ರುಚಿಗೆ ಮಾತ್ರ ಅಲ್ಲ. ಬೇಯಿಸಿದ ಅಡುಗೆಗಾದರೆ ಒಲೆ ಆರಿಸಿದ ಮೇಲೆ ಹಿಂಡಿ. ಚಿತ್ರಾನ್ನಕ್ಕೂ ಇದೇ ಮಾತು, ಇಲ್ಲದಿದ್ದರೆ ಕಹಿಯೂ ಆಗುತ್ತದೆ.

ವಾಂತಿ ಭೇದಿ ಆದಾಗ ಶರಬತ್ತು ಕೊಡಬಹುದಾ?

ಕೊಡಬಹುದು, ಆದರೆ ಅಳತೆ ನೋಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಚಪ್ಪಟೆ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ನಿಂಬೆ ರುಚಿಗೆ. ಇಲ್ಲಿ ಜೀವ ಉಳಿಸುವುದು ಉಪ್ಪು ಸಕ್ಕರೆಯ ಜೋಡಿ, ನಿಂಬೆಯಲ್ಲ. ಪಾನಕದ ಥರ ಸಿಹಿ ಸುರಿದರೆ ಭೇದಿ ಇನ್ನೂ ಜೋರಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಓಆರ್‌ಎಸ್ ಸಿಕ್ಕರೆ ಅದೇ ಮೇಲು. ಮಗು ಸುಸ್ತಾಗಿ ಕಣ್ಣು ಒಳಗೆ ಹೋಗಿದ್ದರೆ ಶರಬತ್ತು ಮಾಡುತ್ತಾ ಕೂರಬೇಡಿ.

ಘಾಟಿ ಬಸ್ಸಿನಲ್ಲಿ ನಿಂಬೆ ಮೂಸಿದರೆ ವಾಂತಿ ನಿಲ್ಲುತ್ತೆ ಅನ್ನೋದು ನಿಜಾನಾ?

ಚಾರ್ಮಾಡಿ, ಆಗುಂಬೆ, ಶಿರಾಡಿ ಹತ್ತುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಅರ್ಧ ಜನರ ಕೈಯಲ್ಲಿ ನಿಂಬೆ ಇರುತ್ತದೆ. ನನಗಂತೂ ಕೆಲಸ ಮಾಡಿದೆ. ಹಣ್ಣನ್ನು ಸುಮ್ನೆ ಹಿಡಿದರೆ ಸಾಲದು. ಉಗುರಿನಿಂದ ಸಿಪ್ಪೆ ಕೆರೆದು ಮೂಸಬೇಕು, ಎಣ್ಣೆ ಹೊರಗೆ ಬರುವುದು ಆಗಲೇ. ಗರ್ಭಿಣಿಯರ ವಾಕರಿಕೆ ಮೇಲೆ ಇರಾನ್‌ನಲ್ಲಿ ನಿಂಬೆ ಎಣ್ಣೆ ಮೂಸಿಸಿ ನೋಡಿದ್ದಾರೆ, ಸ್ವಲ್ಪ ಇಳಿಯಿತು ಅಂತ ಕಂಡುಬಂದಿದೆ. ಮೂಸುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ಏನು ಕುಡಿದರೂ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿ ಆದರೆ ಮಾತ್ರ ಡಾಕ್ಟರ ಹತ್ತಿರ ಹೋಗಬೇಕು.

'ಪಿತ್ತ ನೆತ್ತಿಗೇರಿದೆ' ಅಂತ ಬೆಳಗ್ಗೆ ತಲೆ ಸುತ್ತಿದಾಗ ಉಪ್ಪು, ಜೀರಿಗೆ ಪುಡಿ ಹಾಕಿದ ನಿಂಬೆ ನೀರು ಕೊಡುವುದೂ ಉಂಟು. ನೀರು ಕಮ್ಮಿಯಾಗಿ ಸುತ್ತಿದ್ದರೆ ಸರಿಹೋಗುತ್ತದೆ. ದಿನಾ ಸುತ್ತಿದರೆ ಬಿಪಿ, ಶುಗರ್ ನೋಡಿಸಿ. ಪಿತ್ತದ ಮೇಲೆ ಹಾಕಿ ಮರೆತುಬಿಡಬೇಡಿ.

ಜ್ವರಕ್ಕೆ ಹಳೇ ನಿಂಬೆಕಾಯಿ ಉಪ್ಪಿನಕಾಯಿ ಯಾಕೆ ಕೊಡ್ತಾರೆ?

ಖಾರ ಇಲ್ಲದ, ಬರೀ ಉಪ್ಪಿನಲ್ಲಿ ಹಾಕಿದ ನಿಂಬೆ. ಜಾಡಿಯಲ್ಲಿ ಎರಡು ಮೂರು ವರ್ಷ ಕೂತು ಕಪ್ಪಗೆ, ಮೆತ್ತಗೆ, ಬೆಲ್ಲದ ಹಾಗೆ ಆಗಿರುತ್ತದೆ. ಜ್ವರದಲ್ಲಿ ಬಾಯಿ ಕೆಟ್ಟು ಗಂಜಿ ಇಳಿಯುವುದಿಲ್ಲ. ಇದರ ಒಂದು ಚೂರು ನಾಲಿಗೆ ತುದಿಗೆ ಇಟ್ಟರೆ ಬಾಯಲ್ಲಿ ನೀರೂರಿ ಎರಡು ಲೋಟ ಗಂಜಿ ಹೊಟ್ಟೆಗೆ ಹೋಗುತ್ತದೆ. ಜ್ವರ ಇಳಿಸುವುದು ಉಪ್ಪಿನಕಾಯಿಯಲ್ಲ, ಊಟ ಮಾಡಿಸುವುದು ಉಪ್ಪಿನಕಾಯಿ. ಅದೇನು ಸಣ್ಣ ಕೆಲಸವಾ? ಬಿಪಿ ಇರುವವರು ಚೂರಿನಲ್ಲೂ ಚೂರು ತೆಗೆದುಕೊಳ್ಳಿ.

ಉಗುರುಸುತ್ತಿಗೆ ಬೆರಳನ್ನು ನಿಂಬೆಹಣ್ಣಿನಲ್ಲಿ ಇಡಬೇಕಾ?

ನನಗೆ ನಾಲ್ಕನೇ ಕ್ಲಾಸಿನಲ್ಲಿ ಆಗಿತ್ತು. ತೋರುಬೆರಳು ದಪ್ಪ ಆಗಿ ಟಕ್ ಟಕ್ ಅಂತ ಬಡಿಯುತ್ತಿತ್ತು. ಅಜ್ಜಿ ಹಣ್ಣಿನ ತೊಟ್ಟಿನ ಕಡೆ ಕತ್ತರಿಸಿದಳು. ಚಾಕುವಿನ ತುದಿಯಿಂದ ತಿರುಗಿಸಿ ತೂತು ಮಾಡಿ, ಬೀಜ ತೆಗೆದು, ಚಿಟಿಕೆ ಅರಿಶಿನ ಹಾಕಿ, ಬೆರಳಿಗೆ ಟೋಪಿ ಹಾಗೆ ತೊಡಿಸಿದಳು. ಮೇಲೆ ಬಟ್ಟೆ ಚೂರು ಸುತ್ತಿ ಕಟ್ಟಿದಳು. ಮೊದಲು ಜೋರು ಉರಿ, ಆಮೇಲೆ ತಂಪು. ಎರಡು ದಿನ ಸ್ಕೂಲಿನಲ್ಲಿ ಬರೆಯದೆ ಕೂತಿದ್ದೇ ದೊಡ್ಡ ಲಾಭ.

ಇದು ಯಾಕೆ ಹಿತ ಅನಿಸುತ್ತದೆ? ಒದ್ದೆಯಲ್ಲಿ ಚರ್ಮ ಮೆತ್ತಗಾಗಿ ಬಿಗಿತ ಕಮ್ಮಿಯಾಗುತ್ತದೆ. ಬೆರಳು ಎಲ್ಲೂ ತಾಗುವುದಿಲ್ಲ. ಹುಳಿಯಲ್ಲಿ ಕೆಲವು ಕ್ರಿಮಿಗಳು ಬಾಳುವುದಿಲ್ಲ. ಶುರುವಿನಲ್ಲಿ ಉಗುರು ಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಮೂರ್ನಾಲ್ಕು ಸಲ ಬೆರಳು ಅದ್ದಿದರೂ ಇದೇ ಆರಾಮ, ಉರಿಯಿಲ್ಲದೆ. ಕೀವು ತುಂಬಿ ಬೆಳ್ಳಗೆ ಕಂಡರೆ, ಕೆಂಪು ಮೇಲಕ್ಕೆ ಹತ್ತಿದರೆ, ಉಗುರುಸುತ್ತು ಆದವರಿಗೆ ಸಕ್ಕರೆ ಕಾಯಿಲೆ ಇದ್ದರೆ, ನಿಂಬೆ ಬೇಡ. ಕೀವು ತೆಗೆಸಬೇಕು.

ನಾಯಿ ಕಚ್ಚಿದ ಗಾಯಕ್ಕೆ ನಿಂಬೆ ಹಿಂಡಬಹುದಾ?

ಖಂಡಿತ ಬೇಡ. ಖಾರದ ಪುಡಿ, ಸುಣ್ಣ, ನಿಂಬೆ ಯಾವುದೂ ಬೇಡ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಅದೇ ದಿನ ಇಂಜೆಕ್ಷನ್ ಶುರು ಮಾಡಿಸಿ.

ಮುಖಕ್ಕೆ ನಿಂಬೆರಸ ಹಚ್ಚಿದರೆ ಬೆಳ್ಳಗೆ ಆಗ್ತೀವಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ಬೆಳ್ಳಗೆ ಆಗಬೇಕು ಅನ್ನುವ ಹಟವೇ ನನಗೆ ಅರ್ಥವಾಗಲ್ಲ, ಅದು ಇರಲಿ. ನಿಂಬೆರಸದ ಪಿಎಚ್ 2ರಿಂದ 2.5. ಚರ್ಮದ್ದು ಸುಮಾರು 5. ಇದು ಬರೀ ಎರಡೂವರೆ ಮೆಟ್ಟಿಲ ವ್ಯತ್ಯಾಸ ಅಲ್ಲ, ಒಂದೊಂದು ಮೆಟ್ಟಿಲಿಗೂ ಹುಳಿ ಹತ್ತು ಪಟ್ಟು. ದಿನಾ ಹಚ್ಚಿದರೆ ಚರ್ಮದ ಮೇಲಿನ ಕಾಪು ಹಾಳಾಗಿ ಒಣಗುತ್ತದೆ, ಉರಿಯುತ್ತದೆ. ನಮ್ಮ ಬಣ್ಣದ ಚರ್ಮಕ್ಕೆ ಉರಿ ಆದರೆ ಅದು ಕಪ್ಪು ಕಲೆ ಬಿಟ್ಟು ಹೋಗುತ್ತದೆ. ಕಲೆ ತೆಗೆಯಲು ಹೋಗಿ ಕಲೆ ತಂದುಕೊಂಡ ಹಾಗೆ.

'ಸೀರಮ್‌ನಲ್ಲೂ ವಿಟಮಿನ್ ಸಿ ಇರುತ್ತಲ್ಲ' ಅನ್ನುತ್ತಾರೆ. ಇರುತ್ತದೆ, ನೂರಕ್ಕೆ 10ರಿಂದ 20 ಭಾಗ. ನಿಂಬೆರಸದಲ್ಲಿ ನೂರಕ್ಕೆ 0.03 ಭಾಗ. ಹೋಲಿಕೆಯೇ ಇಲ್ಲ.

ಕಡಲೆಹಿಟ್ಟು, ಮೊಸರಿಗೆ ಮೂರ್ನಾಲ್ಕು ಹನಿ ನಿಂಬೆ ಬೆರೆಸಿ ಹತ್ತು ನಿಮಿಷದಲ್ಲಿ ತೊಳೆಯುವ ಅಜ್ಜಿಯರ ಉಟಣೆ ಬೇರೆ ಮಾತು. ಅಲ್ಲಿ ಹುಳಿ ತೆಳುವಾಗಿರುತ್ತದೆ. ಅದನ್ನೂ ಸಂಜೆ ಹಚ್ಚಿ. ಯಾಕೆ ಸಂಜೆ ಅಂತ ಮುಂದಿನ ಉತ್ತರದಲ್ಲಿದೆ. ಮೊಣಕೈಗೆ ನಿಂಬೆ ಹೋಳಿನ ಮೇಲೆ ಸಕ್ಕರೆ ಹಾಕಿ ಉಜ್ಜುವುದೂ ಸಂಜೆಯೇ.

ಬಿಸಿಲಿಗೆ ಹೋಗಬಾರದು ಅಂತ ಯಾಕೆ ಹೇಳ್ತೀರಿ?

ನನ್ನ ಮಣಿಕಟ್ಟು ಹೇಳಿಕೊಟ್ಟ ಪಾಠ. ಒಂದು ರಾಮನವಮಿಗೆ ನಮ್ಮ ಬೀದಿಯಲ್ಲಿ ಪಾನಕ ಹಂಚುವ ಕೆಲಸ ನನ್ನ ತಲೆಗೆ ಬಂತು. ಬೆಲ್ಲ, ಏಲಕ್ಕಿ, ಶುಂಠಿ, ಮೆಣಸು ಎಲ್ಲ ಬೇರೆಯವರು. ನಿಂಬೆ ಮಾತ್ರ ನಾನು. ನೂರೈವತ್ತು ಹಣ್ಣು ಕೈಯಲ್ಲೇ ಹಿಂಡಿದೆ. ರಸ ಮಣಿಕಟ್ಟಿನಿಂದ ಮೊಣಕೈವರೆಗೆ ಇಳಿಯಿತು. ಸೆರಗಿನಲ್ಲಿ ಒರೆಸಿಕೊಂಡು ಹನ್ನೊಂದು ಗಂಟೆಯ ಬಿಸಿಲಲ್ಲಿ ಪೆಂಡಾಲ್ ಹೊರಗೆ ನಿಂತು ಲೋಟ ತುಂಬಿಸಿದೆ.

ಆ ದಿನ ಏನೂ ಆಗಲಿಲ್ಲ. ಮಾರನೇ ದಿನ ಸಂಜೆ ಸುಟ್ಟ ಹಾಗೆ ಕೆಂಪು. ಮೂರನೇ ದಿನ ಸಣ್ಣ ಬೊಬ್ಬೆ. ಕಲೆಯ ಆಕಾರ ನೋಡಿ ನನಗೇ ಭಯ ಆಯಿತು. ಹನಿ ಇಳಿದ ದಾರಿಯ ಹಾಗೇ ಉದ್ದ ಗೆರೆಗಳು, ಯಾರೋ ಬಿಸಿ ಸೌಟಿನಲ್ಲಿ ಬರೆ ಹಾಕಿದ ಹಾಗೆ. ಚರ್ಮದ ಡಾಕ್ಟರು ನೋಡಿದವರೇ ಒಂದೇ ಪ್ರಶ್ನೆ ಕೇಳಿದರು: 'ನಿಂಬೆಹಣ್ಣು ಹಿಂಡಿದ್ರಾ?' ಕಂದು ಗೆರೆ ಹೋಗಲು ನಾಲ್ಕು ತಿಂಗಳು ಬೇಕಾಯಿತು.

ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರೊಕೂಮರಿನ್ ಅನ್ನುವ ವಸ್ತುಗಳಿವೆ. ಚರ್ಮದ ಮೇಲೆ ಅವು ಸುಮ್ಮನೆ ಇರುತ್ತವೆ. ಬಿಸಿಲಿನ ನೇರಳಾತೀತ ಕಿರಣ ಬಿದ್ದ ಕೂಡಲೇ ಎದ್ದು ಚರ್ಮದ ಜೀವಕೋಶಗಳನ್ನು ಸುಡುತ್ತವೆ. ಇದು ಅಲರ್ಜಿ ಅಲ್ಲ. ಅಷ್ಟು ರಸ, ಅಷ್ಟು ಬಿಸಿಲು ಸೇರಿದರೆ ಯಾರಿಗೆ ಬೇಕಾದರೂ ಆಗಬಹುದು. ಲೆಮನ್‌ಗಿಂತ ನಮ್ಮ ಕಾಗ್ಜಿ ನಿಂಬೆಯಲ್ಲಿ ಈ ಕಾಟ ಜಾಸ್ತಿ. ಹಿಂಡಿದ ಮೇಲೆ ಸೋಪು ಹಾಕಿ ತೊಳೆದರೆ ಮುಗಿಯಿತು. ಬರೀ ನೀರು, ಸೆರಗು ಸಾಲದು.

ಮನೆ ಕುಂಕುಮಕ್ಕೆ ನಿಂಬೆ ಹಾಕ್ತಾರಲ್ಲ, ಹೇಗೆ?

ಈ ಪ್ರಶ್ನೆ ಕೇಳಿದವರಿಗೆ ನನ್ನ ಕಡೆಯಿಂದ ಒಂದು ಸೋಪು ಫ್ರೀ. ನಿಂಬೆ ನಿಜವಾಗಿ ಬೆವರು ಹರಿಸಿ ದುಡಿಯುವ ಅಲಂಕಾರ ಅಂದರೆ ಇದು.

ಕುಂಕುಮ ಹುಟ್ಟುವುದು ಅರಿಶಿನದಿಂದ. ನಮ್ಮ ಮನೆಯ ಲೆಕ್ಕ: ಒಂದು ಕೆಜಿ ಅರಿಶಿನ ಕೊಂಬಿನ ಚೂರು, ನೂರು ಗ್ರಾಂ ಬಿಳಿಗಾರ, ಸ್ವಲ್ಪ ಪಟಿಕ, ಚೂರುಗಳು ನೆನೆಯುವಷ್ಟು ಸೋಸಿದ ನಿಂಬೆರಸ. ಪಿಂಗಾಣಿ ಅಥವಾ ಮಣ್ಣಿನ ಪಾತ್ರೆ, ಅಲ್ಯೂಮಿನಿಯಂ ಬೇಡ. ಬಿಳಿಗಾರ, ಪಟಿಕ ಪುಡಿ ಮಾಡಿ ರಸದಲ್ಲಿ ಕದಡಿ, ಅರಿಶಿನದ ಮೇಲೆ ಸುರಿದು, ಮರದ ಸೌಟಿನಿಂದ ದಿನಾ ಕೈಯಾಡಿಸಬೇಕು. ಮೊದಲ ದಿನ ಕಡು ಹಳದಿ. ಎರಡನೇ ದಿನ ಇಟ್ಟಿಗೆ ಬಣ್ಣ. ರಸ ಎಲ್ಲ ಹೀರಿಕೊಂಡ ಮೇಲೆ ನೆರಳಲ್ಲಿ ಹರವಿದರೆ, ಒಣಗುತ್ತಾ ಒಣಗುತ್ತಾ ಕೆಂಪು ಏರುತ್ತದೆ. ಚೂರನ್ನು ಮುರಿದರೆ ಒಳಗೂ ಕೆಂಪಿರಬೇಕು. ಹಳದಿ ಕಂಡರೆ ಇನ್ನೊಂದು ಸಲ ರಸ. ಆಮೇಲೆ ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ತುಪ್ಪದ ಕೈಯಲ್ಲಿ ತಿಕ್ಕಿದರೆ ಹಣೆಗೆ ಹಿಡಿಯುತ್ತದೆ.

ಬಣ್ಣ ಎಲ್ಲಿಂದ ಬಂತು? ಬಿಳಿಗಾರ ಅಂದರೆ ಬೋರಾಕ್ಸ್. ನಿಂಬೆಯ ಹುಳಿ ಸೇರಿದಾಗ ಅದರಿಂದ ಬೋರಿಕ್ ಆಮ್ಲ ಬರುತ್ತದೆ. ಅದು ಅರಿಶಿನದ ಕರ್ಕ್ಯುಮಿನ್ ಜೊತೆ ಕೂಡಿ ಒಣಗಿದಾಗ ಕೆಂಪಾಗುತ್ತದೆ. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಬೋರಿಕ್ ಆಮ್ಲ ಇದೆಯಾ ಅಂತ ಪತ್ತೆ ಮಾಡಲು ಅರಿಶಿನದ ಕಾಗದ ಬಳಸುವುದೂ ಇದೇ ಗುಣದಿಂದ. ಅಜ್ಜಿ ಲ್ಯಾಬ್ ಕಂಡವಳಲ್ಲ. ಸುಣ್ಣ ಹಾಕಿದರೂ ಅರಿಶಿನ ಕೆಂಪಾಗುತ್ತದೆ, ಆರತಿ ತಟ್ಟೆಯ ಓಕುಳಿ ನೋಡಿದ್ದೀರಲ್ಲ. ಆದರೆ ಅದು ಕ್ಷಾರದ ಕೆಂಪು, ಒಂದು ಹನಿ ನಿಂಬೆ ಬಿದ್ದರೆ ಮತ್ತೆ ಹಳದಿ.

ಬಿಳಿಗಾರ ಹೊಟ್ಟೆಗೆ ಹೋಗಬಾರದು. ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಹಣೆಯಲ್ಲಿ ತುರಿಕೆ ಬಂದರೆ ಮನೆಯದ್ದೇ ಆದರೂ ನಿಲ್ಲಿಸಿ.

ಗೋರಂಟಿಗೆ ನಿಂಬೆ ಹಾಕಿದ್ರೆ ಕೆಂಪು ಜಾಸ್ತಿ ಬರುತ್ತಾ?

ಬರುತ್ತದೆ. ಗೋರಂಟಿಯ ಬಣ್ಣದ ಹೆಸರು ಲಾಸೋನ್. ಒಣ ಪುಡಿಯನ್ನು ನಿಂಬೆರಸದಲ್ಲಿ ಕಲಸಿ ರಾತ್ರಿಯಿಡೀ ಬಿಟ್ಟರೆ ಬಣ್ಣ ನಿಧಾನಕ್ಕೆ ಬಿಡುಗಡೆಯಾಗಿ, ಹಾಳಾಗದೆ ಉಳಿಯುತ್ತದೆ. ಕೈ ಮೇಲೆ ಒಣಗಿದಾಗ ನಿಂಬೆ-ಸಕ್ಕರೆ ನೀರು ಹತ್ತಿಯಲ್ಲಿ ಒತ್ತುವುದು ಪೇಸ್ಟ್ ಉದುರದಿರಲಿ, ಒದ್ದೆ ಇರಲಿ ಅಂತ. ಸಕ್ಕರೆ ಅಂಟು, ನಿಂಬೆ ಹುಳಿ, ಅಷ್ಟೇ. ಅರ್ಧ ಗಂಟೆಯಲ್ಲಿ ಕಪ್ಪಾಗುವ 'ಬ್ಲ್ಯಾಕ್ ಮೆಹಂದಿ'ಯಿಂದ ದೂರ ಇರಿ. ಅದರಲ್ಲಿ ಕೂದಲ ಬಣ್ಣದ ರಾಸಾಯನಿಕ ಇರುತ್ತದೆ, ಕೆಲವರಿಗೆ ಕೈಯೆಲ್ಲ ಬೊಬ್ಬೆ ಬರುತ್ತದೆ.

ತಲೆಹೊಟ್ಟಿಗೆ ನಿಂಬೆ?

ತಲೆಗೆ ನಿಂಬೆಹಣ್ಣು ತಿಕ್ಕಿದರೆ ಹುಚ್ಚು ಬಿಡುತ್ತೆ ಅನ್ನುವ ಕಾಲ ಇತ್ತು. ಹುಚ್ಚೂ ಬಿಡಲ್ಲ, ಹೊಟ್ಟೂ ಪೂರ್ತಿ ಬಿಡಲ್ಲ. ಹೊಟ್ಟಿನ ಹಿಂದೆ ಮಲಸೇಝಿಯ ಅನ್ನುವ ಶಿಲೀಂಧ್ರ ಇರುತ್ತದೆ. ನಿಂಬೆ ತಿಕ್ಕಿದರೆ ಒಣ ಪದರ ಉದುರಿ ಎರಡು ದಿನ ಚೆನ್ನಾಗಿ ಕಾಣುತ್ತದೆ, ಮತ್ತೆ ಬರುತ್ತದೆ. ಕೆರೆದು ಗಾಯವಾಗಿದ್ದರೆ ಉರಿ ಕೇಳಬೇಡಿ. ಕೀಟೊಕೊನಜೋಲ್ ಇರುವ ಶಾಂಪೂ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಆದರೆ ಬೋರ್‌ವೆಲ್ ನೀರಿನವರಿಗೆ ಒಂದು ಉಪಾಯ. ಗಡಸು ನೀರಿನಲ್ಲಿ ಸೋಪು ಹಾಕಿ ತಲೆ ತೊಳೆದರೆ ಕೂದಲ ಮೇಲೆ ಅಂಟು ಪದರ ಕೂರುತ್ತದೆ. ಒಂದು ದೊಡ್ಡ ಮಗ್ ನೀರಿಗೆ ಅರ್ಧ ಹಣ್ಣಿನ ಸೋಸಿದ ರಸ ಹಾಕಿ ಕೊನೆಗೆ ಸುರಿದುಕೊಂಡು, ಮತ್ತೆ ನೀರು ಹಾಕಿ. ಕೂದಲು ಕೀಚ್ ಅನ್ನುವಷ್ಟು ಚೊಕ್ಕಟ. ಸೀಗೆಕಾಯಿ ಹಾಕುವವರಿಗೆ ಇದು ಬೇಕಿಲ್ಲ, ಸೀಗೆಯೇ ಹುಳಿ.

ನಿಂಬೆ ಎಣ್ಣೆ ಕೊಳ್ಳುವಾಗ ಏನು ನೋಡಬೇಕು?

ಒಮ್ಮೆ ಆನ್‌ಲೈನ್‌ನಲ್ಲಿ 'ಶುದ್ಧ ನಿಂಬೆ ಎಣ್ಣೆ' ತರಿಸಿದೆ. ಮುಚ್ಚಳ ತೆಗೆದರೆ ನೆಲ ಒರೆಸುವ ಫಿನಾಯಿಲ್ ನೆನಪಾಯಿತು. ಅದು ಮಜ್ಜಿಗೆ ಹುಲ್ಲಿನ, ಅಂದರೆ ಲೆಮನ್‌ಗ್ರಾಸ್‌ನ, ಎಣ್ಣೆ. ಅದರಲ್ಲಿ ಸಿಟ್ರಾಲ್ ನೂರಕ್ಕೆ 70-80 ಭಾಗ ಇರುತ್ತದೆ, ಬೆಲೆ ಕಮ್ಮಿ, ವಾಸನೆ ನಿಂಬೆಯದ್ದೇ ಅಂತ ಮೂಗು ಮೋಸ ಹೋಗುತ್ತದೆ. ಲೇಬಲ್ ಮೇಲೆ ಗಿಡದ ಹೆಸರು ಸಿಟ್ರಸ್ ಲಿಮೊನ್ ಅಂತ ಇರಬೇಕು. ಹಿಂಡಿ ತೆಗೆದದ್ದೋ ಆವಿಯಲ್ಲಿ ಭಟ್ಟಿ ಇಳಿಸಿದ್ದೋ ಅಂತಲೂ ಇರಬೇಕು. ಬರೀ 'ಫ್ರೇಗ್ರೆನ್ಸ್' ಅಂತಿದ್ದರೆ ಅದು ಸೆಂಟು.

ಬಾಟಲಿ ಕಂದು ಬಣ್ಣದ್ದು, ಸಣ್ಣದು. ಫ್ರಿಜ್‌ನಲ್ಲಿಡಿ, ತೆರೆದ ಮೇಲೆ ವರ್ಷದೊಳಗೆ ಮುಗಿಸಿ. ಗಾಳಿ ತಾಗಿ ಹಳತಾದ ಲಿಮೋನೀನ್ ಚರ್ಮಕ್ಕೆ ಅಲರ್ಜಿ ತರುತ್ತದೆ. ಹಳೆಯದನ್ನು ನೆಲ ಒರೆಸಲು ಹಾಕಿ. ಬೆಕ್ಕಿದ್ದ ಮನೆಯಲ್ಲಿ ಅದೂ ಬೇಡ, ಬೆಕ್ಕಿಗೆ ಈ ಎಣ್ಣೆಗಳು ವಿಷ.

ಮೈಗೆ ಹಚ್ಚಲು ಎಷ್ಟು ಹನಿ?

ಹಾಗೇ ಹಚ್ಚಬೇಡಿ, ಯಾವತ್ತೂ. ಕೊಬ್ಬರಿ ಅಥವಾ ಎಳ್ಳೆಣ್ಣೆಯಲ್ಲಿ ಬೆರೆಸಿ. ಒಂದು ಮಿಲಿಗೆ ಸುಮಾರು 20 ಹನಿ ಅಂತ ಲೆಕ್ಕ. ಹಿಂಡಿ ತೆಗೆದ ಲೆಮನ್ ಎಣ್ಣೆ ಬಿಸಿಲಿಗೆ ಒಡ್ಡುವ ಚರ್ಮದ ಮೇಲೆ ನೂರಕ್ಕೆ 2 ಭಾಗ ದಾಟಬಾರದು, ಲೈಮ್‌ನದ್ದಾದರೆ 0.7. ನಾನು ನೂರಕ್ಕೆ ಒಂದೇ ಭಾಗ ಇಟ್ಟುಕೊಳ್ಳುತ್ತೇನೆ: 30 ಮಿಲಿ ಕೊಬ್ಬರಿ ಎಣ್ಣೆಗೆ 6 ಹನಿ. ಅದು ಲೆಮನ್‌ಗೆ ಮಾತ್ರ, ಲೈಮ್ ಎಣ್ಣೆಯಾದರೆ 4 ಹನಿ ಸಾಕು. ಹಚ್ಚಿದ ಮೇಲೆ 12 ಗಂಟೆ ಆ ಜಾಗಕ್ಕೆ ಬಿಸಿಲು ಬೇಡ. ಭಟ್ಟಿ ಇಳಿಸಿದ ಎಣ್ಣೆಗೆ ಬಿಸಿಲಿನ ಕಾಟ ಇಲ್ಲ, ವಾಸನೆ ಮಾತ್ರ ಸ್ವಲ್ಪ ಸಪ್ಪೆ. ತೊಳೆದು ಹೋಗುವ ಸೋಪಿನಲ್ಲಿ ಇಷ್ಟು ಭಯ ಬೇಕಿಲ್ಲ.

ಚಿಕ್ಕ ಮಕ್ಕಳ ಮೈಗೆ ಹಚ್ಚಬೇಡಿ.

ನೀರಿಗೆ ಎರಡು ಹನಿ ಹಾಕಿ ಕುಡಿಯಬಹುದಾ?

ಬೇಡ. ಎಣ್ಣೆ ನೀರಿನಲ್ಲಿ ಬೆರೆಯಲ್ಲ, ಮೇಲೆ ತೇಲಿ ನೇರ ಗಂಟಲಿಗೆ ತಾಗುತ್ತದೆ. ನಿಂಬೆ ರುಚಿ ಬೇಕಾದರೆ ಹಣ್ಣಿದೆ. ನೀರು ಮಜ್ಜಿಗೆಗೆ ಒಂದು ನಿಂಬೆ ಎಲೆ ಹಿಸುಕಿ ಹಾಕಿ ನೋಡಿ, ಯಾವ ಬಾಟಲಿಯೂ ನೆನಪಾಗಲ್ಲ.

ನಿಂಬೆಗೆ ಲವಂಗ ಚುಚ್ಚಿಟ್ಟರೆ ಸೊಳ್ಳೆ ಹೋಗುತ್ತಾ?

ನೋಡಲು ಚೆಂದ. ಸೊಳ್ಳೆ ಹೋಗಲ್ಲ. ಸೊಳ್ಳೆಗೆ ಕೆಲಸ ಮಾಡುವುದು ನಿಂಬೆ ವಾಸನೆಯ ನೀಲಗಿರಿ ಜಾತಿಯ ಎಲೆಯಿಂದ ತಯಾರಿಸಿದ ಪದಾರ್ಥ. ಹೆಸರಿನಲ್ಲಿ ನಿಂಬೆ ಇದೆ, ನಿಂಬೆಗೂ ಅದಕ್ಕೂ ಸಂಬಂಧ ಇಲ್ಲ. ಪರದೆ ಕಟ್ಟಿ.

ಮೂಗಿಗೆ ನಿಂಬೆರಸ ಬಿಟ್ಟರೆ ಕೊರೊನಾ ಬರಲ್ಲ, ಫ್ರೀಜರ್‌ನಲ್ಲಿಟ್ಟ ನಿಂಬೆ ಕ್ಯಾನ್ಸರ್ ವಾಸಿ ಮಾಡುತ್ತೆ ಅಂತ ಮೆಸೇಜ್ ಬಂದಿದೆ.

ಎರಡೂ ಸುಳ್ಳು. ಮೊದಲನೆಯದು 2021ರ ಎರಡನೇ ಅಲೆಯಲ್ಲಿ ನಮ್ಮ ರಾಜ್ಯದಲ್ಲಿ ಕಾಡ್ಗಿಚ್ಚಿನ ಹಾಗೆ ಹಬ್ಬಿತು. ಅದಕ್ಕೆ ಆಧಾರ ಇಲ್ಲ ಅಂತ ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ ಪಿಐಬಿ ಹೇಳಬೇಕಾಯಿತು. ಮೂಗಿನ ಒಳಪದರ ಮುಖದ ಚರ್ಮಕ್ಕಿಂತ ನಾಜೂಕು. ಮುಖಕ್ಕೇ ಬೇಡ ಅಂದಮೇಲೆ ಅಲ್ಲಿಗೆ ಬಿಡುವುದಾ? ಕಣ್ಣಿಗೂ ಬೇಡ.

ಹಲ್ಲು ಬೆಳ್ಳಗಾಗಲು ನಿಂಬೆ-ಉಪ್ಪು ತಿಕ್ಕಬಹುದಾ?

ಹಲ್ಲಿನ ಮೇಲಿನ ಎನಾಮಲ್ ಪಿಎಚ್ 5.5ಕ್ಕಿಂತ ಕೆಳಗೆ ಕರಗಲು ಶುರುವಾಗುತ್ತದೆ. ನಿಂಬೆ ಎಷ್ಟು ಅಂತ ಮೇಲೆ ಹೇಳಿದ್ದೇನೆ. ಒಂದು ಸಲ ಕರಗಿ ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ನಿಂಬೆ ನೀರು ಕುಡಿದವರು ಬರೀ ನೀರಿನಿಂದ ಬಾಯಿ ಮುಕ್ಕಳಿಸಿ, ಬ್ರಷ್ ಮಾಡಲು ಅರ್ಧ ಗಂಟೆ ಕಾಯಿರಿ.

ಹಿಂಡಿದ ಸಿಪ್ಪೆ ಏನು ಮಾಡೋದು?

ಉಪ್ಪಿನಲ್ಲಿ ಅದ್ದಿ ಹಿತ್ತಾಳೆ ದೀಪ, ತಾಮ್ರದ ಚೊಂಬು ಉಜ್ಜಿ. ಕಪ್ಪು ಹೋಗಿ ಹೊಳೆಯುತ್ತದೆ. ಚೆನ್ನಾಗಿ ತೊಳೆದು ಒಣ ಬಟ್ಟೆಯಲ್ಲಿ ಒರೆಸದಿದ್ದರೆ ಮಾರನೇ ದಿನ ಹಸಿರು ಕಲೆ. ನಮ್ಮಮ್ಮ ಮಾತ್ರ ಇದನ್ನು ಒಪ್ಪಲ್ಲ. 'ಹುಣಸೆಹಣ್ಣಿಗೆ ಬಂದ ಹೊಳಪು ಇದಕ್ಕೆಲ್ಲಿ' ಅಂತಾರೆ.